ನಿದ್ದೆ ಮಾತ್ರೆ ಬಿಡರು, ಖಿನ್ನತೆ ಮಾತ್ರೆ ಮುಟ್ಟರು

(ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಪುಟ್ಟತಾಯಮ್ಮನವರಿಗೆ 69 ವರ್ಷ. ಮಂಡ್ಯದಿಂದ ಪಾಂಡವಪುರದ ಕಡೆ ಹೋಗುವ ದಾರಿಯಲ್ಲಿ, ನಾಲೆ ಬಯಲಿನ ಒಂದು ಹಳ್ಳಿ. ಆಪ್ತಸಲಹೆಗೆಂದು ಸೊಸೆ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಕೂತ ಕೂಡಲೇ ಅತ್ತೆ ಹೇಳಿದ್ದು ಇಷ್ಟು: "ನಂಗೇನೂ ಕಾಯ್ಲೆ ಇಲ್ಲ ಕಣವ್ವ. ಎದೆ ಡವಡವ ಅಂತದೆ, ಹೊಟ್ಟೇಲಿ ಸಂಕಟ ಆಯ್ತದೆ, ರಾತ್ರಿ ಕಣ್ಣು ಮುಚ್ಚಕ್ಕಾಗಲ್ಲ. ಅಷ್ಟೇಯ."

ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಆಗಿತ್ತು. ಹೃದಯ ಸರಿಯಿದೆ ಅಂದಿದ್ದರು. ನಮ್ಮ ಕಡೆ ವಯಸ್ಸಾದವರು "ಮನಸ್ಸಿಗೆ ಬೇಜಾರು" ಅಂತ ಬಾಯಿಬಿಟ್ಟು ಹೇಳುವುದು ಅಪರೂಪ. ಎದೆ, ಹೊಟ್ಟೆ, ತಲೆಯ ಮೂಲಕವೇ ಹೇಳುತ್ತಾರೆ.

ಹಿರಿಯರನ್ನು ಕರೆತರುವವರಿಗೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದು ನಾನು ಫೋನಿನಲ್ಲೇ ಹೇಳಿರುತ್ತೇನೆ. ಸೊಸೆ ಚೀಲದಿಂದ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬಿ.ಪಿ. ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಅಂಗಡಿಯಲ್ಲಿ ಕೇಳಿ ತಂದ ಮಂಡಿನೋವಿನ ಮಾತ್ರೆ. ತಳದಲ್ಲಿ ಪೇಪರಿನ ಚೂರಿನಲ್ಲಿ ಸುತ್ತಿಟ್ಟ ಸಣ್ಣ ಸಣ್ಣ ಅರ್ಧ ಮಾತ್ರೆಗಳು, ಅಡಿಕೆ ಕತ್ತರಿಯಲ್ಲಿ ಕತ್ತರಿಸಿದವು. ಪಕ್ಕದಲ್ಲಿ ಇನ್ನೊಂದು ಪಟ್ಟಿ, ಹತ್ತರಲ್ಲಿ ಎಂಟು ಖಾಲಿ, ಎರಡು ಹಾಗೇ ಉಳಿದಿವೆ.

ಕತ್ತರಿಸಿದ್ದು ಅಲ್ಪ್ರಜೋಲಾಮ್, ಅಭ್ಯಾಸವಾಗಿಬಿಡುವ ನಿದ್ದೆ ಮಾತ್ರೆ. ನಾಲ್ಕು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ತಿಥಿಯವರೆಗೆ ನಿದ್ದೆ ಬರಲಿ ಎಂದು ಹತ್ತು ದಿನಕ್ಕೆ ಬರೆದುಕೊಟ್ಟಿದ್ದು. ಆ ಹತ್ತು ದಿನ ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನ ಕಾಲು ಮಿಲಿಗ್ರಾಂ, ರಾತ್ರಿ ಅರ್ಧ. ಎದೆ ಹೆಚ್ಚು ಹೊಡೆದುಕೊಂಡ ದಿನ ಇನ್ನೊಂದು ಚೂರು. 2014ರಿಂದ ಈ ಮಾತ್ರೆ ಸರ್ಕಾರದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿದೆ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಆದರೂ ಹಳೇ ಚೀಟಿಯೇ ನಾಲ್ಕು ವರ್ಷ ನಡೆದಿತ್ತು.

ಎರಡು ಉಳಿದಿದ್ದ ಪಟ್ಟಿ ಎಸಿಟಲೋಪ್ರಾಮ್ 5 ಮಿಲಿಗ್ರಾಂ. ಮನೋವೈದ್ಯರು ಖಿನ್ನತೆ ಮತ್ತು ಆತಂಕಕ್ಕೆ ಕೊಟ್ಟಿದ್ದರು. ಎಂಟು ದಿನ ನುಂಗಿದ್ದಾರೆ. ಹೊಟ್ಟೆ ತೊಳಸಿದೆ, ಚಡಪಡಿಕೆ ಹೆಚ್ಚಾಗಿದೆ. ಅಷ್ಟರಲ್ಲಿ ಬೆಂಗಳೂರಿನಿಂದ ಮಗನ ಫೋನು: "ಅವೆಲ್ಲ ಅಭ್ಯಾಸ ಆಗ್ಬಿಡ್ತವೆ, ನಿಲ್ಸು." ನಿಲ್ಲಿಸಿದರು. ಅಭ್ಯಾಸವಾಗುವ ಮಾತ್ರೆ ಮಾತ್ರ ಪೇಪರಿನಲ್ಲಿ ಭದ್ರವಾಗಿತ್ತು.

ಹಿರಿಯರ ವಿಷಯದಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಪ್ಪತ್ತರ ದೇಹದಿಂದ ನಿದ್ದೆ ಮಾತ್ರೆ ಬೇಗ ಹೊರಹೋಗುವುದಿಲ್ಲ. ರಾತ್ರಿ ಮೂತ್ರಕ್ಕೆಂದು ಎದ್ದರೆ ಕಾಲು ನಿಲ್ಲುವುದಿಲ್ಲ. ಗೌರಿ ಹಬ್ಬದ ಹಿಂದಿನ ರಾತ್ರಿ ಪುಟ್ಟತಾಯಮ್ಮ ಬಚ್ಚಲಲ್ಲಿ ಬಿದ್ದದ್ದು, ಒಲೆ ಮೇಲೆ ಹಾಲಿಟ್ಟು ಮರೆತದ್ದು, ಮನೆಯವರು "ಅರಳು ಮರಳು" ಅಂದುಕೊಂಡದ್ದು, ಇದರಲ್ಲಿ ಈ ಮಾತ್ರೆಯ ಪಾಲು ಎಷ್ಟಿತ್ತೆಂದು ಆಮೇಲೆ ಗೊತ್ತಾಯಿತು.

ಸೊಸೆಯನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ, "ಬದುಕು ಸಾಕು ಅನ್ಸುತ್ತಾ ಅಮ್ಮ?" ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತರು. "ಬೆಳಿಗ್ಗೆ ಏಳ್ದೆ ಹೋಗ್ಬುಟ್ರೆ ಚೆಂದ ಅನ್ನುಸ್ತದೆ. ನಾನಾಗೇ ಏನೂ ಮಾಡ್ಕಳಾಕಿಲ್ಲ." ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಕೇಳಿದ ಮೇಲೆ ಅವರು ಹಗುರವಾಗಿಯೇ ಮಾತಾಡಿದರು. ಅವರಿಗೆ ಹೇಳಿ, ಅಂದಿನಿಂದ ಡಬ್ಬಿಯನ್ನು ಸೊಸೆಯ ಬೀರುವಿನಲ್ಲಿ ಇಡಿಸಿದೆ. ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲು ಹೇಳಿದೆ.

ಮಾತ್ರೆ ಬರೆಯುವುದು, ಬದಲಿಸುವುದು ನನ್ನ ಕೆಲಸವಲ್ಲ. ಅದೇ ವಾರ ಮನೋವೈದ್ಯರ ಹತ್ತಿರ ವಾಪಸು ಕಳಿಸಿದೆ. ನಾನು ಮಾಡಿದ್ದು ಮಗನ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತು, ಅಮ್ಮನ ಎದುರಿಗೇ. ಎಸಿಟಲೋಪ್ರಾಮ್ ನಶೆಯ ಮಾತ್ರೆಯಲ್ಲ. ನಿಲ್ಲಿಸುವಾಗ ನಿಧಾನವಾಗಿ ನಿಲ್ಲಿಸಬೇಕು, ನಿಜ, ಆದರೆ ದಿನದಿನಕ್ಕೂ ಹೆಚ್ಚು ಬೇಕು ಎನ್ನಿಸುವ ಜಾತಿಯದಲ್ಲ. ಮೊದಲ ವಾರದ ಹೊಟ್ಟೆ ತೊಳಸು, ಚಡಪಡಿಕೆ ಸಾಮಾನ್ಯವಾಗಿ ಇಳಿಯುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹಿರಿಯರಲ್ಲಿ ಪೂರ್ತಿ ಫಲಕ್ಕೆ ಎರಡು ಮೂರು ತಿಂಗಳೂ ಹಿಡಿಯಬಹುದು. ಎಂಟು ದಿನಕ್ಕೆ ಬಿಟ್ಟವರಿಗೆ ಸಿಕ್ಕಿದ್ದು ತೊಂದರೆ ಮಾತ್ರ. ಮಂಡಿನೋವಿನ ಮಾತ್ರೆ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ವೈದ್ಯರನ್ನು ಕೇಳದೆ ತರಬೇಡಿ ಎಂದೂ ಹೇಳಿದೆ. ಮಗ ಕೊನೆಗೆ ಕೇಳಿದ್ದು, "ಅಮ್ಮಂಗೆ ಹುಚ್ಚೇನೂ ಇಲ್ವಲ್ಲ ಮೇಡಂ?" ಅವನ ಭಯ ಇದ್ದದ್ದು ಅಲ್ಲಿ.

ಎಸಿಟಲೋಪ್ರಾಮ್ ಮತ್ತೆ ಶುರುವಾಯಿತು. ಮೂರನೇ ವಾರ ಸೊಸೆಯ ಕರೆ: "ಅತ್ತೆ ಮಂಕಾಗವ್ರೆ ಮೇಡಂ, ಇವತ್ತು ಯಾವ ವಾರ ಅಂದ್ರೆ ಹೇಳ್ತಿಲ್ಲ. ವಾಂತಿ ಬಂದಂಗಾಯ್ತದಂತೆ." ಆವತ್ತೇ ಆಸ್ಪತ್ರೆಗೆ ಹೊರಡಿ ಅಂದೆ. ಸೋಡಿಯಂ 127 ಇತ್ತು. 135ಕ್ಕಿಂತ ಕೆಳಗೆ ಇಳಿಯಬಾರದು. ಎಸಿಟಲೋಪ್ರಾಮ್ ಗುಂಪಿನ ಮಾತ್ರೆಗಳು ವಯಸ್ಸಾದವರಲ್ಲಿ ರಕ್ತದ ಉಪ್ಪಿನಂಶ ಇಳಿಸಬಲ್ಲವು. ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಇದ್ದರೆ ಇನ್ನೂ ಬೇಗ. ಅವರ ಬಿ.ಪಿ. ಮಾತ್ರೆಯ ಹೆಸರಿನ ಪಕ್ಕದಲ್ಲಿ "ಎಚ್" ಅಕ್ಷರ ಇತ್ತು, ಅದು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಿಯಾಜೈಡ್. ಎರಡು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಲು ವೈದ್ಯರು ಬರೆದಿದ್ದರು, ಮನೆಯವರು ಮುಂದೂಡಿದ್ದರು. ನಾನೂ ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು. ಈಗ ಪ್ರತಿಯೊಬ್ಬ ಹಿರಿಯರ ಫೈಲಿನ ಮೇಲೂ ಆ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ವೈದ್ಯರು ಎಸಿಟಲೋಪ್ರಾಮ್ ನಿಲ್ಲಿಸಿ, ಬಿ.ಪಿ. ಮಾತ್ರೆ ಬದಲಿಸಿ, ಸೋಡಿಯಂ ಸರಿಹೋದ ಮೇಲೆ ರಾತ್ರಿಗೆ ಇನ್ನೊಂದು ಬಗೆಯ ಖಿನ್ನತೆ ಮಾತ್ರೆ, ಮಿರ್ಟಜಪೈನ್ 7.5 ಮಿಲಿಗ್ರಾಂ ಕೊಟ್ಟರು. ಅದು ನಿದ್ದೆಗೂ ಹಸಿವಿಗೂ ಸಹಾಯ ಮಾಡುತ್ತದೆ, ಸೋಡಿಯಂ ಇಳಿಯುವ ಅಪಾಯವೂ ಕಡಿಮೆ. ಅದು ಹತ್ತಿದ ಮೇಲಷ್ಟೇ ಅಲ್ಪ್ರಜೋಲಾಮ್ ಇಳಿಸಲು ಕೈಹಾಕಿದ್ದು. ಮೂರು ವಾರಕ್ಕೊಮ್ಮೆ ಒಂದು ಚೂರು ಕಡಿಮೆ, ಒಟ್ಟು 18 ವಾರ. ಒಮ್ಮೆಗೇ ಬಿಟ್ಟರೆ ನಡುಕ, ನಿದ್ದೆಗೇಡು, ಫಿಟ್ಸ್ ಕೂಡ ಬರಬಹುದು, ಆದ್ದರಿಂದ ಇದನ್ನು ಓದಿ ಯಾರೂ ಮನೆಯಲ್ಲೇ ನಿಲ್ಲಿಸಬೇಡಿ. ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ.

ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಿದ್ದರು. ಮೂರನೇ ಭೇಟಿಯಲ್ಲಿ ಹಸುವಿನ ಮಾತು ಬಂತು. ಗಂಡ ಹೋದ ಮೇಲೆ ಅತ್ತೆಗೆ ಕಷ್ಟ ಬೇಡವೆಂದು ಹಸು ಮಾರಿದ್ದರು. ನಲವತ್ತು ವರ್ಷ ಬೆಳಗಿನ ಜಾವ ಕ್ಯಾನು ಹಿಡಿದು ಡೈರಿಗೆ ಹೋದವರು, ಅಲ್ಲಿ ನಾಲ್ಕು ಜನರ ಹತ್ತಿರ ಮಾತಾಡಿ ಬರುತ್ತಿದ್ದವರು. "ಈಗ ಎದ್ದು ಏನ್ ಮಾಡನವ್ವ?" ಮತ್ತೆ ಹಸು ಕಟ್ಟುವ ಶಕ್ತಿ ಅವರಿಗಿಲ್ಲ. ಪಕ್ಕದ ಮನೆಯವರ ಹಾಲಿನ ಜೊತೆ ಡೈರಿಯವರೆಗೆ ನಡೆದು ಬನ್ನಿ, ಮೊದಲ ವಾರ ಮೂರು ದಿನ ಸಾಕು ಅಂದೆ. ಎರಡು ದಿನ ಹೋದರು. ಆಮೇಲಾಮೇಲೆ ದಿನವೂ.

ಈಗ ಏಳು ತಿಂಗಳು. ಅಲ್ಪ್ರಜೋಲಾಮ್ ಪೂರ್ತಿ ಬಿಟ್ಟಿದೆ, ಹಾಲು ಉಕ್ಕುವುದು ನಿಂತಿದೆ. ಮಧ್ಯಾಹ್ನದ ಎದೆಬಡಿತ ತಿಂಗಳಿಗೆ ಒಂದೆರಡು ಸಲ ಬರುತ್ತದೆ, ಜಗಲಿಯಲ್ಲಿ ಕೂತು ಉಸಿರು ನಿಧಾನವಾಗಿ ಬಿಡುತ್ತಾರೆ, ಹೋಗುತ್ತದೆ. ಮಿರ್ಟಜಪೈನ್ ಯಾವಾಗ ನಿಲ್ಲಿಸುವುದೆಂದು ಮಗ ಮತ್ತೆ ಕೇಳಿದ. ಚೇತರಿಸಿಕೊಂಡ ಮೇಲೂ ಕಡಿಮೆಯೆಂದರೆ ಒಂದು ವರ್ಷ ಎಂದು ವೈದ್ಯರು ಹೇಳಿದ್ದಾರೆ. ಈ ಸಲ ಅವನೇ ಬರೆದುಕೊಂಡ.