ನೋಡಿದ್ದನ್ನೇ ನೋಡುವ ಸೊಸೆ

ಪತ್ರ: ‘ನಮ್ಮ ಸೊಸೆ 1995ರ “ಸೆನ್ಸ್ ಅಂಡ್ ಸೆನ್ಸಿಬಿಲಿಟಿ” ಸಿನಿಮಾವನ್ನು ಮೊನ್ನೆ ಐದನೇ ಸಲ ನೋಡಿದಳು. ನಾನು ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಜೇನ್ ಆಸ್ಟಿನ್ ಕಾದಂಬರಿ ಮನೆಯ ಕಪಾಟಿನಲ್ಲೇ ಇದೆ. ಕತೆ ಗೊತ್ತಿದ್ದೂ ಎರಡೂಕಾಲು ಗಂಟೆ ಕಳೆಯುವ ಬದಲು ಪುಸ್ತಕ ಓದಬಾರದೇ? ಅದೂ ಕಾದಂಬರಿಯನ್ನು ಬೇಕಾದ ಹಾಗೆ ತಿದ್ದಿದ ಸಿನಿಮಾ!’ — ಓರ್ವ ಓದುಗರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಪಾಲಿನದ್ದು ಕೊಟ್ಟುಬಿಡುತ್ತೇನೆ. ತಿದ್ದಿದ್ದು ನಿಜ. ಕಾದಂಬರಿಯ ಹಿರಿಯಕ್ಕ ಎಲಿನರ್‌ಗೆ 19 ವರ್ಷ, ಆ ಪಾತ್ರ ಮಾಡಿದ ಎಮ್ಮಾ ಥಾಂಪ್ಸನ್‌ಗೆ ಆಗ 36. ಅವಳ ತಂಗಿ ಮರಿಯಾನ್ ಜ್ವರದಲ್ಲಿ ಮಲಗಿದ್ದಾಗ, ಕೈಕೊಟ್ಟು ಹೋಗಿದ್ದ ಪ್ರಿಯಕರ ವಿಲ್ಲೊಬಿ ರಾತ್ರಿ ಓಡಿಬಂದು ತಪ್ಪೊಪ್ಪಿಕೊಳ್ಳುವ ಅಧ್ಯಾಯವನ್ನೇ ಕಿತ್ತುಹಾಕಿದ್ದಾರೆ. ಆಯ್ತಲ್ಲ? ಇನ್ನು ನಾನು ಪೂರ್ತಿ ನಿಮ್ಮ ಸೊಸೆಯ ಕಡೆ.

‘ಕತೆ ಗೊತ್ತಿದ್ದೂ’ ಅಂದಿರಲ್ಲ, ಆ ಮಾತು ನನಗೆ ಚುಚ್ಚಿತು. ನಮ್ಮಜ್ಜ ವರ್ಷಕ್ಕೆ ಎರಡು ಸಲವಾದರೂ ‘ಕರ್ಣಪರ್ವ’ದ ಆಟಕ್ಕೆ ಹೋಗುತ್ತಿದ್ದರು. ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಕೂರುತ್ತಿದ್ದರು. ಕರ್ಣ ಸಾಯುತ್ತಾನೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಮನೆಗೆ ಬಂದು ಹೇಳುತ್ತಿದ್ದದ್ದು ಒಂದೇ: ‘ಈ ಸಲದ ಶಲ್ಯ ಜೋರಾಗಿದ್ದ.’ ಕತೆ ಗೊತ್ತಿದ್ದವರಿಗೆ ಮಾತ್ರ ಶಲ್ಯನ ಕಡೆ ನೋಡಲು ಬಿಡುವಿರುತ್ತದೆ.

ನಾನು ಮೊದಲ ಸಲ ಈ ಸಿನಿಮಾ ನೋಡಿದ್ದು ಮನೆಯ ಟೀವಿಯಲ್ಲಿ, ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ನೋಡಿದ್ದೆಲ್ಲ ಮರಿಯಾನ್‌ಳನ್ನೇ. ಗುಡ್ಡದ ಮೇಲೆ ಮಳೆ, ಉಳುಕಿದ ಕಾಲು, ಅವಳನ್ನು ಎತ್ತಿಕೊಂಡು ಬರುವ ವಿಲ್ಲೊಬಿ. ಆ ಪಾತ್ರ ಮಾಡಿದ ಕೇಟ್ ವಿನ್ಸ್ಲೆಟ್‌ಗೆ ಆಗ 19. ಬೇರೆ ಯಾರನ್ನು ನೋಡಲಿ ಹೇಳಿ! ಕೊನೆಯಲ್ಲಿ ಎಲಿನರ್ ಗೊಳೋ ಎಂದು ಅತ್ತಾಗ ನನಗೆ ನಗು ಬಂದಿತ್ತು.

ಇನ್ನೊಂದು ಸಲ ನೋಡುವಾಗ ಒಂದು ಮೆಟ್ಟಿಲು ಕಣ್ಣಿಗೆ ಬಿತ್ತು. ವಿಲ್ಲೊಬಿ ಬಿಟ್ಟು ಹೋಗಿದ್ದಾನೆ. ಮರಿಯಾನ್ ಅಳುತ್ತಾ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಆಮೇಲೆ ಅಮ್ಮನ ಬಾಗಿಲು. ಆಮೇಲೆ ಪುಟ್ಟ ತಂಗಿಯದ್ದು. ಎಲ್ಲ ಕಡೆಯಿಂದ ಅಳು. ಉಳಿದವಳು ಎಲಿನರ್, ಕೈಯಲ್ಲಿ ಒಂದು ಕಪ್ ಚಹಾ. ಅವಳು ಮೆಟ್ಟಿಲ ಮೇಲೆ ಕೂತು ಆ ಚಹಾ ಕುಡಿಯುತ್ತಾಳೆ. ಅಷ್ಟೇ. ಮಾತಿಲ್ಲ. ಮನೆಯಲ್ಲಿ ಎಲ್ಲರೂ ಅತ್ತರೆ ಹಾಲು ಕಾಯಿಸುವವರು ಯಾರು ಅಂತ ನಮ್ಮಮ್ಮ ಕೇಳುತ್ತಿದ್ದರು. ಆ ಮೆಟ್ಟಿಲು ನೆನಪಿದ್ದರೆ ಕೊನೆಯ ಅಳುವಿಗೆ ನಗು ಬರುವುದಿಲ್ಲ ಮೇಷ್ಟ್ರೇ. ಎರಡು ಗಂಟೆ ತಡೆದು ಇಟ್ಟುಕೊಂಡದ್ದು ಅದು.

ಇಲ್ಲೇ ನಿಮ್ಮ ಪುಸ್ತಕಕ್ಕೂ ಬರೋಣ. ತಾನು ಪ್ರೀತಿಸಿದ ಎಡ್ವರ್ಡ್‌ಗೆ ಮದುವೆಯಾಗಿಲ್ಲ, ಅವನು ಹಿಂದೆ ಮಾತುಕೊಟ್ಟಿದ್ದ ಲೂಸಿಯನ್ನು ಕಟ್ಟಿಕೊಂಡವನು ಅವನ ತಮ್ಮ ಅಂತ ಗೊತ್ತಾದಾಗ ಕಾದಂಬರಿಯ ಎಲಿನರ್ ಹೆಚ್ಚುಕಡಿಮೆ ಓಡಿ ಹೊರಗೆ ಹೋಗುತ್ತಾಳೆ. ಬಾಗಿಲು ಮುಚ್ಚಿದ ಮೇಲೆ ಅಳುತ್ತಾಳೆ. ಸಿನಿಮಾದ ಎಲಿನರ್ ಅವನ ಎದುರೇ ಅಳುತ್ತಾಳೆ. ಎದ್ದು ಹೋಗುವವರು ಅಮ್ಮ, ತಂಗಿಯರು. ಇದನ್ನು ನೀವು ಬೇಕಾದ ಹಾಗೆ ತಿದ್ದಿದ್ದು ಅಂತೀರಿ. ಅಷ್ಟು ಬಾಗಿಲು ಹಾಕಿಕೊಂಡ ಮನೆಯಲ್ಲಿ ಕೊನೆಗೆ ಇವಳಿಗಾದರೂ ಒಂದು ಬಾಗಿಲು ತೆರೆದಿಟ್ಟರು ಅಂತ ನಾನು ಅಂತೀನಿ. ಚಿತ್ರಕತೆಯೂ ಎಮ್ಮಾ ಥಾಂಪ್ಸನ್ ಅವರದ್ದೇ, ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದದ್ದು. ಒಮ್ಮೆ ಕಂಪ್ಯೂಟರ್ ಕೆಟ್ಟು ಬರೆದದ್ದು ಕಾಣೆಯಾಗಿತ್ತಂತೆ. ಗೆಳೆಯ ಸ್ಟೀಫನ್ ಫ್ರೈ ಗಂಟೆಗಟ್ಟಲೆ ಕೂತು ವಾಪಸ್ ತೆಗೆದುಕೊಟ್ಟರು. ಆ ಚಿತ್ರಕತೆಗೇ ಆಸ್ಕರ್ ಬಂತು. ಅಷ್ಟು ಸಲ ಬರೆದದ್ದನ್ನು ಐದು ಸಲ ನೋಡಿದರೆ ಜಾಸ್ತಿಯಾಯಿತೇ?

ಐವತ್ತು ದಾಟಿದ ಮೇಲೆ ನೋಡಿದಾಗ ನನಗೆ ಪ್ರೇಮವೇ ಕಾಣಲಿಲ್ಲ, ಬರೀ ದುಡ್ಡು ಕಂಡಿತು. ಸಾಯುವ ಅಪ್ಪನಿಗೆ ಮಗ ಮಾತು ಕೊಟ್ಟಿದ್ದಾನೆ, ಮಲತಾಯಿ ಮತ್ತು ತಂಗಿಯರನ್ನು ನೋಡಿಕೊಳ್ಳುತ್ತೇನೆ ಅಂತ. ಕಾದಂಬರಿಯ ಎರಡನೇ ಅಧ್ಯಾಯ ತೆಗೆದು ನೋಡಿ. ಮೂವರು ತಂಗಿಯರಿಗೆ 3000 ಪೌಂಡ್ ಅಂತ ಶುರುವಾಗುತ್ತದೆ. ಹೆಂಡತಿ ಬಾಯಿ ಹಾಕಿದಂತೆಲ್ಲ ತಲೆಗೆ 500 ಆಗುತ್ತದೆ. ಆಮೇಲೆ ತಾಯಿಗೆ ವರ್ಷಕ್ಕೆ 100. ಅದೂ ಬೇಡ, ಆಗಾಗ 50. ಕೊನೆಗೆ ಮನೆ ಸಾಗಿಸಲು ಸಹಾಯ, ಸಿಕ್ಕಾಗ ಒಂದಿಷ್ಟು ಮೀನು! ಸಿನಿಮಾ ಈ ಮಾತುಕತೆಯನ್ನು ಸೂತಕದ ಕಪ್ಪು ಬಟ್ಟೆ ತೊಡುವಾಗ ಶುರುಮಾಡಿ ಕುದುರೆಗಾಡಿಯಲ್ಲಿ ಮುಂದುವರಿಸುತ್ತದೆ. ಗಾಡಿ ಊರು ಮುಟ್ಟುವಷ್ಟರಲ್ಲಿ ತಂಗಿಯರ ಪಾಲು ಕರಗಿಹೋಗಿರುತ್ತದೆ.

ನಮ್ಮ ನೆಂಟರೊಬ್ಬರ ಮನೆಯಲ್ಲಿ ಪಾಲಾದಾಗ ನಾನೂ ಕೂತಿದ್ದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ತಂಗಿಗೆ ಅರ್ಧ ಎಕರೆ ತೋಟ. ಊಟದ ಹೊತ್ತಿಗೆ ‘ಒಂದಿಷ್ಟು ದುಡ್ಡು ಕೊಡೋಣ’. ಸಂಜೆಗೆ ‘ಹಬ್ಬಕ್ಕೆ ಬಂದಾಗ ಸೀರೆ ಉಡಿಸಿದರಾಯ್ತು’. ನಾನು ಬಾಯಿ ಬಿಡಲಿಲ್ಲ. ಆಸ್ಟಿನ್‌ಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. 1811ರಲ್ಲಿ ಲೇಖಕಿಯ ಹೆಸರಿಲ್ಲದೆ, ‘ಒಬ್ಬ ಮಹಿಳೆಯಿಂದ’ ಅಂತಷ್ಟೇ ಹಾಕಿ, ನಷ್ಟವಾದರೆ ತಾನೇ ತುಂಬುವ ಕರಾರಿನಲ್ಲಿ ಅಚ್ಚು ಹಾಕಿಸಿದ ಪುಸ್ತಕ ಇದು. ಮೊದಲ ಮುದ್ರಣದಿಂದ ಸಿಕ್ಕಿದ್ದು 140 ಪೌಂಡ್.

ಹೊಸದೇ ಬೇಕು ಅನ್ನುವ ಚಟ ನಮಗೆ ಯಾವಾಗ ಅಂಟಿತೋ! ಸಿನಿಮಾ ಮುಗಿದು ಹೆಸರುಗಳು ಬರುವಷ್ಟರಲ್ಲಿ ಟೀವಿಯೇ ಮುಂದಿನದಕ್ಕೆ ಎಳೆಯುತ್ತದೆ. ನಮ್ಮ ಪತ್ರಿಕೆಯೂ ಸಾಚಾ ಅಲ್ಲ, ವಿಮರ್ಶೆ ಪುಟಕ್ಕೆ ಹಳೆಯ ಪುಸ್ತಕ ಕಳಿಸಿದರೆ ವಾಪಸ್ ಮಾಡುತ್ತೇವೆ. ಇನ್ನು ನಿಮ್ಮಂಥವರು, ಬೇಜಾರಾಗಬೇಡಿ, ಮೂವತ್ತು ವರ್ಷ ‘ಸಾರಾಂಶ ಬರೆಯಿರಿ’ ಅಂತ ಪ್ರಶ್ನೆ ಕೊಟ್ಟವರು. ಸಾರಾಂಶ ಗೊತ್ತಾದರೆ ಕತೆ ಮುಗಿಯಿತು ಅಂತ ಮಕ್ಕಳು ಕಲಿತದ್ದು ಎಲ್ಲಿ? ನಿಮ್ಮ ಕಪಾಟಿನ ಆ ಪುಸ್ತಕವನ್ನು ನೀವೇ ಕೊನೆಯ ಸಲ ತೆರೆದದ್ದು ಯಾವಾಗ?

ಆರನೇ ಸಲ ಹಾಕಿದಾಗ ಪಕ್ಕದಲ್ಲಿ ಕೂತುಕೊಳ್ಳಿ. ಮಧ್ಯೆ ‘ಪುಸ್ತಕದಲ್ಲಿ ಹೀಗಿಲ್ಲ’ ಅನ್ನಬೇಡಿ. ಆಕೆ ಈಗ ಯಾರನ್ನು ನೋಡುತ್ತಿದ್ದಾಳೆ ಅಂತ ಸುಮ್ನೆ ಕೇಳಿ, ನನಗೂ ಬರೆಯಿರಿ. ಆಕೆಯೇ ಬರೆದರೆ ಇನ್ನೂ ಒಳ್ಳೆಯದು.