ಅಮೆರಿಕಾದಲ್ಲಿ ಟರ್ಕಿ ಕೋಳಿ ಸಾಕಣೆ ನಿಜವಾಗಿಯೂ ಕುಸಿದಿದೆಯಾ?

ನಿಮ್ಮ ಪ್ರಶ್ನೆ ಹೀಗಿದೆ: 1961ರಿಂದ ಈಚಿನ ಟರ್ಕಿ ಕೋಳಿಗಳ ಲೆಕ್ಕ ತೆಗೆದು ಉತ್ತರ ಅಮೆರಿಕಾ ಮತ್ತು ಯುರೋಪನ್ನು ಒಂದೇ ಗ್ರಾಫಿನಲ್ಲಿ ಹಾಕಿದ್ದೀರಿ. 1990ರ ದಶಕದ ನಂತರ ಅಮೆರಿಕಾದ ಗೆರೆ ಇಳಿಯುತ್ತಿದೆ. ಅಲ್ಲಿನ ರೈತರು ಟರ್ಕಿ ಸಾಕುವುದನ್ನು ಬಿಡುತ್ತಿದ್ದಾರಾ?

ಹಾಗೇನಿಲ್ಲ. ನೀವು ಎಣಿಸಿರುವುದು ತಲೆಗಳನ್ನು. ಟರ್ಕಿ ವ್ಯಾಪಾರ ನಡೆಯುವುದು ತೂಕದ ಮೇಲೆ.

ಕಲಬುರಗಿ ಜಿಲ್ಲೆಯ ಆಳಂದ ಕಡೆ ನನ್ನ ಹೊಲ. ತೊಗರಿ ಜೊತೆಗೆ ಒಂದು ಶೆಡ್ಡಿನಲ್ಲಿ ಗಿರಿರಾಜ ಕೋಳಿ, ಅದರಿಂದ ದೂರದಲ್ಲಿ ಇನ್ನೊಂದು ಚಿಕ್ಕ ಶೆಡ್ಡಿನಲ್ಲಿ ಟರ್ಕಿ ಸಾಕುತ್ತೇನೆ. (ಎರಡನ್ನೂ ಒಟ್ಟಿಗೆ ಬಿಡಬಾರದು. ಕೋಳಿಗೆ ಏನೂ ಮಾಡದ ರೋಗ ಟರ್ಕಿಯನ್ನು ಕೊಂದುಬಿಡುತ್ತದೆ.) ಜಾನುವಾರು ಗಣತಿಯವರು ಬಂದ ದಿನ ನನ್ನ ಶೆಡ್ಡಿನಲ್ಲಿ ಇದ್ದದ್ದು 11 ಟರ್ಕಿ. ಅಷ್ಟನ್ನೇ ಬರೆದುಕೊಂಡು ಹೋದರು. ಆ ವರ್ಷ ನಾನು ಮಾರಿದ್ದು 60ಕ್ಕೂ ಜಾಸ್ತಿ, ಅದರಲ್ಲಿ ಮುಕ್ಕಾಲು ಪಾಲು ಕ್ರಿಸ್‌ಮಸ್ ವಾರದಲ್ಲೇ ಹೋಗಿತ್ತು. ಎರಡೂ ಸರಿಯಾದ ಲೆಕ್ಕವೇ. ಆದರೆ ಒಂದು ಆ ದಿನದ ಎಣಿಕೆ, ಇನ್ನೊಂದು ಇಡೀ ವರ್ಷದ್ದು.

ನಿಮ್ಮ ಗ್ರಾಫಿನಲ್ಲಿ ಮೊದಲು ನೋಡಬೇಕಾದ್ದೂ ಇದನ್ನೇ. ಅಮೆರಿಕಾದ ಕೃಷಿ ಇಲಾಖೆ ವರ್ಷವಿಡೀ ಸಾಕಿದ ಟರ್ಕಿಗಳ ಸಂಖ್ಯೆಯನ್ನು ಪ್ರಕಟಿಸುತ್ತದೆ. ಯುರೋಪಿನ ಫಾರ್ಮ್ ಸರ್ವೆಗಳು ಸರ್ವೆಯ ದಿನ ಶೆಡ್ಡಿನಲ್ಲಿದ್ದ ಹಕ್ಕಿಗಳನ್ನು ಎಣಿಸುತ್ತವೆ. ಹೆಣ್ಣು ಟರ್ಕಿ 14–16 ವಾರಕ್ಕೆ, ಗಂಡು 18–20 ವಾರಕ್ಕೆ ಮಾರಾಟಕ್ಕೆ ಬರುತ್ತದೆ. ಅಂದರೆ ಒಂದೇ ಶೆಡ್ಡಿನಲ್ಲಿ ವರ್ಷಕ್ಕೆ ಎರಡು ಬ್ಯಾಚ್ ಆರಾಮಾಗಿ ತೆಗೆಯಬಹುದು. ಒಂದು ಕಡೆಯದು ವರ್ಷದ ಲೆಕ್ಕ, ಇನ್ನೊಂದು ಕಡೆಯದು ದಿನದ ಲೆಕ್ಕ ಆಗಿಬಿಟ್ಟರೆ, ಸುಮ್ನೆ ಕೂತಲ್ಲೇ ಒಂದು ಖಂಡ ದುಪ್ಪಟ್ಟು ದೊಡ್ಡದಾಗಿ ಕಾಣುತ್ತದೆ.

ಈಗ ಇಳಿಕೆಯ ವಿಷಯಕ್ಕೆ ಬರುತ್ತೇನೆ. 1996ರಲ್ಲಿ ಅಮೆರಿಕಾದಲ್ಲಿ ಸಾಕಿದ್ದು ಸುಮಾರು 30 ಕೋಟಿ ಟರ್ಕಿ. 2023ರಲ್ಲಿ ಸುಮಾರು 22 ಕೋಟಿ. ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿಮೆಯಾಯಿತು, ಅಲ್ವಾ? ಆದರೆ ಆ ಎರಡೂ ವರ್ಷ ಬಂದ ಮಾಂಸ ಹೆಚ್ಚುಕಡಿಮೆ ಒಂದೇ, 25 ಲಕ್ಷ ಟನ್ನಿನ ಆಸುಪಾಸು. 1930ರ ದಶಕದಲ್ಲಿ ಅಲ್ಲಿನ ಒಂದು ಟರ್ಕಿ ಸರಾಸರಿ 6 ಕೆಜಿ ತೂಗುತ್ತಿತ್ತು. 1996ರ ಹೊತ್ತಿಗೆ ಅದು 11 ಕೆಜಿ ಆಯಿತು. ಈಗ 14 ಕೆಜಿ ದಾಟಿದೆ. ಅಗಲ ಎದೆಯ ಬಿಳಿ ತಳಿಯನ್ನು ಆರಿಸಿ ಆರಿಸಿ ಬೆಳೆಸಿದ ಫಲ ಇದು. ಆ ಹಕ್ಕಿಗಳು ಎಷ್ಟು ದಪ್ಪ ಅಂದರೆ ತಾವಾಗಿ ಕೂಡಲಾರವು, ಕೃತಕ ಗರ್ಭಧಾರಣೆಯೇ ಮಾಡಿಸಬೇಕು. ಜನ ಕೂಡ ಹಬ್ಬಕ್ಕೆ ಇಡೀ ಹಕ್ಕಿ ತರುವುದರ ಜೊತೆಗೆ ವರ್ಷಪೂರ್ತಿ ತುಂಡು ಮಾಂಸ ಕೊಳ್ಳತೊಡಗಿದರು. ತುಂಡು ಮಾಡಿ ಮಾರಲು ದೊಡ್ಡ ಗಂಡು ಹಕ್ಕಿಯೇ ಲಾಭ. ಹಾಗಾಗಿ ತಲೆ ಕಡಿಮೆಯಾದರೂ ಮಾಂಸ ಕಡಿಮೆಯಾಗಲಿಲ್ಲ.

ಯುರೋಪಿನ ಗೆರೆಯಲ್ಲಿ ತೊಡಕು ಬೇರೆ ಥರದ್ದು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಅಂಕಿಗಳು ಬೇರೆ ಬೇರೆ ದೇಶಗಳ ಹೆಸರಿಗೆ ಹಂಚಿಹೋದವು. ಮಧ್ಯ ಏಷ್ಯಾದ ದೇಶಗಳ ಪಾಲು ಯುರೋಪಿನ ಮೊತ್ತದಿಂದಲೇ ಹೊರಗೆ ಹೋಗುತ್ತದೆ. ನೀವು ಯುರೋಪ್ ಅಂದಿದ್ದು ಯುರೋಪಿಯನ್ ಒಕ್ಕೂಟ ಅಂತಾದರೆ, 2020ರಲ್ಲಿ ಬ್ರಿಟನ್ ಹೊರಬಿದ್ದಾಗ ಮತ್ತೊಂದು ತುಂಡು ಕಳಚಿತು. ಒಳಗೂ ಸಾಕಷ್ಟು ಬದಲಾಗಿದೆ. ಹಿಂದೆ ಫ್ರಾನ್ಸ್ ಮುಂದಿತ್ತು, ಈಗ ಒಕ್ಕೂಟದಲ್ಲಿ ಟರ್ಕಿ ಮಾಂಸಕ್ಕೆ ಪೋಲೆಂಡ್ ಮೊದಲು. ಒಟ್ಟು ಮೊತ್ತದ ಒಂದೇ ಗೆರೆಯಲ್ಲಿ ಇದು ಕಾಣುವುದೇ ಇಲ್ಲ. ನನಗಂತೂ ಪೂರ್ತಿ ಕಥೆಯಲ್ಲಿ ತುಂಬಾ ಕುತೂಹಲ ಹುಟ್ಟಿಸುವ ಭಾಗ ಇದೇ. ಆ ಎರಡು ದೇಶಗಳಿಗೆ ದಯವಿಟ್ಟು ಬೇರೆ ಗೆರೆ ಎಳೆಯಿರಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿಯಿಂದ ಅಂಕಿ ಇಳಿಸಿದ್ದರೆ ಇನ್ನೊಂದು ಮಾತು. ಅದರಲ್ಲಿ ಕೋಳಿ ಜಾತಿಯ ಹಕ್ಕಿಗಳನ್ನು ಸಾವಿರದ ಲೆಕ್ಕದಲ್ಲಿ ಬರೆದಿರುತ್ತಾರೆ. ದನ, ಕುರಿ ಮಾತ್ರ ಒಂದೊಂದರ ಲೆಕ್ಕ. ಪ್ರತಿ ಅಂಕಿಯ ಪಕ್ಕ ಅದು ಸರ್ಕಾರ ಕೊಟ್ಟಿದ್ದಾ, ಅಂದಾಜಾ ಅಂತ ಗುರುತೂ ಇರುತ್ತದೆ. ಅದನ್ನು ಅಳಿಸಬೇಡಿ.

ಹಾಗಾಗಿ ತಲೆ ಲೆಕ್ಕದ ಗ್ರಾಫ್ ಹಾಗೇ ಇರಲಿ. ಅದರ ಕೆಳಗೆ ಅದೇ ವರ್ಷಗಳಿಗೆ ಮಾಂಸದ ಟನ್ ಹಾಕಿ. 2015 ಮತ್ತು 2022ರ ಮೇಲೆ ಒಂದೊಂದು ಗುರುತು ಇಡಿ. ಆ ಎರಡೂ ವರ್ಷ ಹಕ್ಕಿ ಜ್ವರ ಬಂದು, ಅಮೆರಿಕಾದಲ್ಲಿ ಅತಿ ಹೆಚ್ಚು ಟರ್ಕಿ ಸಾಕುವ ಮಿನ್ನೆಸೋಟಾದಲ್ಲಿ ಲಕ್ಷಗಟ್ಟಲೆ ಹಕ್ಕಿಗಳು ಹೋದವು. ಅಲ್ಲಿ ಬಂದಿರುವ ತಗ್ಗು ರೋಗದ್ದು.