ಪುಟ್ಟ ಬಾಣಗಳನ್ನು ಎಸೆದು ಆಡುವ ಡಾರ್ಟ್ಸ್ ಬೋರ್ಡಿನ ಅಂಕೆಗಳ ಕ್ರಮ ಯಾರದ್ದು? ಪತ್ತೆ ಮಾಡುವುದು ಹೇಗೆ?

1896ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರಿನ ಬಡಗಿ ಬ್ರಯಾನ್ ಗ್ಯಾಮ್ಲಿನ್ ಮಾಡಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ನಂಬಬೇಡಿ, ಆ ಕಾಲದ ದಾಖಲೆಯ ಆಧಾರ ಅದಕ್ಕಿಲ್ಲ. ಉದ್ದೇಶವಂತೂ ಸ್ಪಷ್ಟ: 20ರ ಅಕ್ಕಪಕ್ಕ 1 ಮತ್ತು 5, ಗುರಿ ಕೊಂಚ ತಪ್ಪಿದರೂ ಭಾರಿ ದಂಡ.

ಹುಡುಕುವಾಗ ಹಳೆಯ ಪತ್ರಿಕೆಗಳಿಂದ ಶುರುಮಾಡಿ. ಬರೀ ‘ಡಾರ್ಟ್’ ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ ರವಿಕೆಯ ಹೊಲಿಗೆ ಡಾರ್ಟೂ ಬಂದು ಬೀಳುತ್ತದೆ. ಜೊತೆಗೆ ‘ಬೋರ್ಡ್’, ‘ಪಬ್’, ಊರಿನ ಹೆಸರು ಸೇರಿಸಿ. ಕೊಳವೆಯಲ್ಲಿ ಊದಿ ಆಡುತ್ತಿದ್ದ ‘ಪಫ್ ಅಂಡ್ ಡಾರ್ಟ್’ ಬೇರೆಯೇ ಆಟ, ಬೆರೆಸಬೇಡಿ.

ಹಳೆಯ ಫೋಟೊ ಸಿಕ್ಕರೆ ಮೇಲ್ತುದಿಯ ಅಂಕೆ ನೋಡಿ. 20 ಇದ್ದರೆ ಈಗಿನ ಕ್ರಮವಿರಬಹುದು. 4 ಇದ್ದು ಟ್ರೆಬಲ್ ಉಂಗುರ (ಮೂರು ಪಟ್ಟು ಅಂಕ ಕೊಡುವ ಉಂಗುರ) ಕಾಣದಿದ್ದರೆ ಅದು ಮ್ಯಾಂಚೆಸ್ಟರ್ ಬೋರ್ಡ್, ಅಂಕೆಗಳ ಕ್ರಮವೇ ಬೇರೆ. ಒಂದೇ ಕ್ರಮ ಮೊದಲಿನಿಂದ ಎಲ್ಲೆಡೆ ಇತ್ತೆಂಬ ವಾದ ಅಲ್ಲೇ ಬಿದ್ದುಹೋಗುತ್ತದೆ.